ಕಸದ ಗಾಡಿಯ ದನಿ

ದಯವಿಟ್ಟು ಎಂಬ ಪದವನ್ನು ಉಮಾಶಂಕರ ಬಿಟ್ಟುಬಿಟ್ಟು ಬಹಳ ಕಾಲವಾಗಿತ್ತು. ಅದರ ಹಿಂದೆಯೇ ಗಮನಿಸಿ ಎಂಬುದು ಹೋಯಿತು. ಆಮೇಲೆ ಸಹಕರಿಸಿ ಎಂಬುದು. ಕನ್ನಡ ಪಾಠ ಹೇಳುವವನ ಬಾಯಿಂದ ಇಷ್ಟು ಪದಗಳು ಉದುರಿಹೋದರೂ ಮುಳಬಾಗಿಲಿನಲ್ಲಿ ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಈಗ ಅವನು ನಂಗಲಿಯ ಹತ್ತಿರ, ಹೆದ್ದಾರಿಯ ಪಕ್ಕ ಲಾರಿಗಳು ನಿಲ್ಲುವ ಮಣ್ಣಿನ ಜಾಗದಲ್ಲಿ ಕಾರು ನಿಲ್ಲಿಸಿಕೊಂಡು ಕೂತಿದ್ದ. ಗಾಜು ಏರಿಸಿದ್ದ. ಫೋನನ್ನು ಸ್ಟೀರಿಂಗಿನ ಮುಂದೆ ಒರಗಿಸಿ, ರೆಕಾರ್ಡಿಂಗಿನ ಕೆಂಪು ಚುಕ್ಕೆ ಒತ್ತಿ, "ನನ್ನ ಹೆಸರು" ಎಂದ. ನಿಲ್ಲಿಸಿದ. ಅಳಿಸಿದ.

ಅದೂ ಆ ದನಿಯಲ್ಲೇ ಬಂದಿತ್ತು. ಮೊದಲ ಅಕ್ಷರವನ್ನು ಕೊಂಚ ಎಳೆದು, ಕೊನೆಯದನ್ನು ಮೆಲ್ಲಗೆ ಇಳಿಸಿ, ಯಾರದೋ ಮನೆ ಬಾಗಿಲಲ್ಲಿ ನಿಂತು ವಿನಯದಿಂದ ಕರೆಯುವ ದನಿ. ಊರಿನ ಕಸದ ಗಾಡಿ ದಿನಾ ಬೆಳಗ್ಗೆ ಬೀದಿ ಬೀದಿಯಲ್ಲಿ ಕೂಗಿಕೊಂಡು ಹೋಗುವ ದನಿ.

ಅದು ಅವನದೇ ದನಿ. ಕಳ್ಳತನವೇನೂ ಆಗಿರಲಿಲ್ಲ. ಗಾಡಿಗಳ ಗುತ್ತಿಗೆ ಹಿಡಿದ ಸುಬ್ಬರಾಯಪ್ಪ ಒಂದು ದಿನ ಕಾಲೇಜಿಗೆ ಬಂದು, "ಸಾರ್, ನಿಮ್ದು ಕಂಚಿನ ಕಂಠ, ಊರಿಗ್ ಒಂದ್ ಉಪಕಾರ ಮಾಡ್ಬೇಕು" ಎಂದಿದ್ದ. ಇವನು ಉಬ್ಬಿಹೋಗಿದ್ದ. ಸುಬ್ಬರಾಯಪ್ಪನ ಕಚೇರಿಯಲ್ಲಿ ಫ್ಯಾನ್ ನಿಲ್ಲಿಸಿ, ಬೆವರು ಸುರಿಸುತ್ತಾ, ಒಂದೊಂದು ಅಕ್ಷರವನ್ನೂ ತೂಗಿ ಹೇಳಿದ್ದ. ಗಮನಿಸಿ, ಕಸದ ಗಾಡಿ ನಿಮ್ಮ ಮನೆ ಬಾಗಿಲಿಗೆ ಬಂದಿದೆ. ಹಸಿ ಕಸ ಬೇರೆ, ಒಣ ಕಸ ಬೇರೆ. ದಯವಿಟ್ಟು ಸಹಕರಿಸಿ. ಅದೇ ಮಾತನ್ನು ತೆಲುಗಿನಲ್ಲೂ ಹೇಳಿದ್ದ. ತೆಲುಗು ಅವನ ಅಮ್ಮನ ಮಾತು. ಅದರಲ್ಲಿ ದನಿ ಇನ್ನೂ ಮೆತ್ತಗೆ ಬಂದಿತ್ತು.

ಗಾಡಿ ಮೊದಲ ಸಲ ಬೀದಿಗೆ ಬಂದ ದಿನ ಅವನು, ಹೆಂಡತಿ ಶ್ರೀವಾಣಿ, ಮಗಳು ದಿವ್ಯ ಮೂವರೂ ಗೇಟಿಗೆ ಬಂದು ನಿಂತು ಕೇಳಿದ್ದರು. ಎದುರು ಮನೆಯ ಅಶ್ವತ್ಥಮ್ಮ ಕಸ ಹಾಕುವುದನ್ನೂ ಮರೆತು, "ನಮ್ ಸಾರ್ ದನಿ ಕಣೇ" ಎಂದಿದ್ದಳು. ಅವತ್ತು ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

ಆಮೇಲೆ ಶುರುವಾಯಿತು. ತರಗತಿಯಲ್ಲಿ "ಗಮನಿಸಿ" ಎಂದರೆ ಹಿಂದಿನ ಬೆಂಚಿನವರು ಕಸದ ಬುಟ್ಟಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದರು. ಬ್ಯಾಂಕಿನಲ್ಲಿ ಬಾಯಿ ಬಿಟ್ಟರೆ ಸಾಲಿನಲ್ಲಿದ್ದವರು ತಿರುಗಿ ನೋಡಿ ನಗುತ್ತಿದ್ದರು. ಕಾಲೇಜಿನ ಸಮಾರಂಭಗಳ ನಿರೂಪಣೆ ಸದ್ದಿಲ್ಲದೆ ಬೇರೆಯವರ ಪಾಲಾಯಿತು. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಇಳಿದು ದನಿ ಶ್ರೀನಿವಾಸಪುರಕ್ಕೂ ಮಾಲೂರಿಗೂ ಹೋಯಿತು. ಲಕ್ಕೂರಿನ ಮಾವ ಫೋನು ಮಾಡಿ, "ಮಾಲೂರಿಗ್ ಬಂದಿದ್ದೆ ಕಣಪ್ಪ, ನೀನೂ ಇದ್ದೆ. ಮಾತಾಡಿಸ್ದೇ ಹೊಂಟೋದೆ" ಎಂದು ನಕ್ಕಿದ್ದ. ದನಿ ಊರೂರು ಸುತ್ತುತ್ತಿತ್ತು. ಅದರ ಒಡೆಯ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದ.

ಸುಬ್ಬರಾಯಪ್ಪನಿಗೆ ಅವನು ಎಷ್ಟೋ ಸಲ ಹೇಳಿದ್ದ. ಹೋದ ವಾರವೂ ಹೇಳಿದ್ದ.

"ತೆಗೀರಿ ಅದನ್ನ. ಬೇರೆಯವರ ಹತ್ತಿರ ಹೇಳಿಸಿ."

"ತೆಗೆಯೋಣ ಸಾರ್, ಅದಕ್ಕೇನು."

"ಯಾವಾಗ?"

"ಒಂದ್ಸಾರಿ ಹೆಣ್ ದನಿ ಹಾಕ್ ನೋಡಿದ್ವಿ ಸಾರ್. ಯಾರೂ ಆಚೆ ಬರ್ಲಿಲ್ಲ. ಜನಕ್ಕೆ ನಿಮ್ದೇ ಅಭ್ಯಾಸ ಆಗೋಗೈತೆ. ಊಟ ಆಯ್ತಾ ಸಾರ್?"

ಇಷ್ಟನ್ನೂ ಅವನು ನುಂಗಿಕೊಂಡಿದ್ದ. ನುಂಗಲಾಗದೆ ಹೋದದ್ದು ನಿನ್ನೆಯದು.

ನಿನ್ನೆ ಊಟಕ್ಕೆ ಕೂತಾಗ ಅವನು ತಟ್ಟೆ ಸರಿಸಿ ಹೇಳಿದ್ದ: "ಶ್ರೀವಾಣಿ, ನನಗೆ ಇಲ್ಲಿ ಉಸಿರು ಕಟ್ಟುತ್ತಿದೆ." ಇದನ್ನು ಹೇಳಲು ತಿಂಗಳುಗಳಿಂದ ತಯಾರಾಗಿದ್ದ. ದಿವ್ಯ ಕಿಸಕ್ಕನೆ ನಕ್ಕಳು. "ಅಪ್ಪ, ಥೇಟ್ ಗಾಡಿ ಥರಾನೇ" ಎಂದಳು. ಶ್ರೀವಾಣಿ ಮಗಳನ್ನು ಗದರಿಸಲು ಬಾಯಿ ತೆರೆದಳು. ಗದರಿಕೆಯ ಬದಲು ಅವಳಿಗೂ ನಗು ಬಂತು. ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಒಳ್ಳೆಯವಳು. ಅದಕ್ಕೇ ಇನ್ನೂ ನೋವಾಯಿತು.

ಸಿಟ್ಟಿನಿಂದ ಕೂಗಾಡಬಹುದಿತ್ತು. ಆದರೆ ಸಿಟ್ಟೂ ಅದೇ ದನಿಯಲ್ಲಿ ಬಂದರೆ? ಅವನು ತಟ್ಟೆಯನ್ನು ಮತ್ತೆ ಎಳೆದುಕೊಂಡು ಉಂಡು ಎದ್ದ. ಕೈ ತೊಳೆಯುವಾಗ, ನಾಳೆ ಇದನ್ನು ಮುಗಿಸುತ್ತೇನೆ ಅಂದುಕೊಂಡ. ಯಾರ ಅಪ್ಪಣೆಯೂ ಬೇಡ. ತೆಗೆಯಲಾಗದಿದ್ದರೆ ಬೇಡ, ಅದರ ಜಾಗದಲ್ಲಿ ಬೇರೆಯದನ್ನು ತುಂಬುತ್ತೇನೆ. ಅದೇ ಗಾಡಿಯಲ್ಲಿ, ಅದೇ ಬೀದಿಯಲ್ಲಿ, ಈ ಸಲ ನನ್ನ ಮಾತು ಆಡುತ್ತೇನೆ. ಊರು ಒಂದು ಸಲ ಕೇಳಲಿ.

ಹಾಗಾಗಿ ಈ ದಿನ. ನಾಳೆ ಆಯುಧಪೂಜೆ. ಊರಿನವರೆಲ್ಲ ಮನೆ ಗುಡಿಸಿ ತೊಳೆಯುವ ದಿನವಾದ್ದರಿಂದ ಗಾಡಿ ಸಂಜೆ ಇನ್ನೊಂದು ಸುತ್ತು ಬರುತ್ತದೆ. ಪ್ರಿನ್ಸಿಪಾಲ್ ಮುನಿಕೃಷ್ಣಪ್ಪನವರಿಗೆ, ಗಂಟಲು ಸರಿಯಿಲ್ಲ, ರಜೆ ಬೇಕು ಎಂದು ಮೆಸೇಜು ಕಳಿಸಿದ್ದ. ಅವರು ಒಂದು ಹೆಬ್ಬೆರಳು ಕಳಿಸಿದ್ದರು.

"ನನ್ನ ಹೆಸರು" ಎಂದು ಮತ್ತೆ ಶುರುಮಾಡಿದ. ಅಳಿಸಿದ. ತೆಲುಗಿನಲ್ಲಿ ಪ್ರಯತ್ನಿಸಿದ. ಅದು ಇನ್ನೂ ವಿನಯವಾಗಿ ಬಂತು. ಪಿಸುಗುಟ್ಟಿದ. ಪಿಸುಮಾತಿನಲ್ಲೂ ಗಾಡಿ ಇತ್ತು. ಕಾರಿನೊಳಗೆ ಸೆಖೆ ಏರಿ ಬೆನ್ನು ಸೀಟಿಗೆ ಅಂಟಿಕೊಂಡಿತ್ತು. ಇಡೀ ತಾಲ್ಲೂಕಿನಲ್ಲಿ ಅವನು ಒಬ್ಬನೇ ಕೂತು ಮಾತಾಡಬಹುದಾದ ಕೋಣೆ ಇದೊಂದೇ, ಅದಕ್ಕೂ ನಾಲ್ಕು ಚಕ್ರ. ಇಲ್ಲೂ ಮಾತು ಬಾರದಿದ್ದರೆ ಇನ್ನೆಲ್ಲಿಗೆ ಹೋಗುವುದು?

ಗಾಜಿನ ಮೇಲೆ ಯಾರೋ ಬಡಿದರು. ಲಾರಿ ಡ್ರೈವರು.

"ಸಾರ್, ವಸಿ ಪಕ್ಕಕ್ ತಗೊಳ್ಳಿ. ಗಾಡಿ ತಿರುಗಿಸ್ಬೇಕು."

ಉಮಾಶಂಕರ ಗಾಜು ಇಳಿಸಿದ.

"ತೆಗೆಯಲ್ಲ."

ಹೇಳಿದ ಮೇಲೆ ಅವನಿಗೇ ಬೆರಗಾಯಿತು. ಅದು ಒಡಕು ದನಿ, ಒರಟು, ಮೂಗಿನಿಂದ ಬಂದದ್ದು. ಎಷ್ಟೋ ವರ್ಷಗಳ ಹಿಂದೆ ತನ್ನಲ್ಲೇ ಕೇಳಿದ್ದ ದನಿ. ಡ್ರೈವರು ಅವನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, ಏನೋ ಗೊಣಗಿಕೊಂಡು ಹೋದ. ಇವನು ಗಾಜು ಏರಿಸಿ, ದನಿ ಆರಿಹೋಗುವ ಮೊದಲೇ ಕೆಂಪು ಚುಕ್ಕೆ ಒತ್ತಿದ.

"ನಾನು ಉಮಾಶಂಕರ. ಇದು ನನ್ನ ದನಿ, ಕಸದ ಗಾಡಿಯದಲ್ಲ. ನಿಮ್ಮಿಂದ ನಾನು ಏನನ್ನೂ ಕೇಳಲು ಬಂದಿಲ್ಲ. ಬಾಗಿಲು ತೆಗೆಯಬೇಡಿ. ನಿಮ್ಮ ಕಸ ನೀವೇ ಇಟ್ಟುಕೊಳ್ಳಿ. ಈ ಬೀದಿಗಳಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ, ಒಬ್ಬರಾದರೂ ನಿಲ್ಲಿಸಿ ಹೇಗಿದ್ದೀಯ ಅಂತ ಕೇಳಲಿಲ್ಲ. ನನಗೆ ಇಲ್ಲಿ ಉಸಿರು ಕಟ್ಟುತ್ತಿದೆ. ಮನೆಯಲ್ಲಿ ಹೇಳಿದರೆ ನಗುತ್ತಾರೆ, ಅದಕ್ಕೇ ಬೀದಿಯಲ್ಲಿ ಹೇಳುತ್ತಿದ್ದೇನೆ. ಶ್ರೀವಾಣಿ, ನಾನು ತಮಾಷೆ ಮಾಡುತ್ತಿಲ್ಲ."

ಹಿಂದಿನಿಂದ ಲಾರಿಯ ಹಾರನ್ನು ಉದ್ದಕ್ಕೆ ಕೂಗಿತು. ಅದೂ ಸೇರಿಕೊಂಡಿತು. ಇರಲಿ ಎಂದು ಬಿಟ್ಟ. ಕಾರನ್ನು ಪಕ್ಕಕ್ಕೆ ತೆಗೆದ.

ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ರಂಜಿತಳ ಮೊಬೈಲು ಅಂಗಡಿ ಇತ್ತು. ಚೆನ್ನೈ ಕಡೆಗೂ ಬೆಂಗಳೂರಿನ ಕಡೆಗೂ ಹೋಗುವ ಡ್ರೈವರುಗಳು ಅವಳ ಹತ್ತಿರ ಪೆನ್‌ಡ್ರೈವಿಗೆ ಹಾಡು ತುಂಬಿಸಿಕೊಳ್ಳುತ್ತಾರೆ. ತೆಲುಗು ಒಂದು, ತಮಿಳು ಒಂದು, ನಿದ್ದೆ ಬರದಿರುವ ಹಾಡು ಒಂದು. ಮುಳಬಾಗಿಲಿನಲ್ಲೂ ಅಂಥ ಅಂಗಡಿಗಳಿದ್ದವು. ಅಲ್ಲಿಯವರಿಗೆ ಇವನ ಗುರುತಿತ್ತು. ಅದಕ್ಕೇ ಇಷ್ಟು ದೂರ ಬಂದಿದ್ದ.

ಅವಳು ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಳು.

"ಇದು ಹಿಂಗೇ ಹಾಕಿದ್ರೆ ಗಾಡೀಲಿ ಓಡಲ್ಲ ಸಾರ್. ಫೋನ್ ರೆಕಾರ್ಡಿಂಗ್ ಬೇರೆ ಥರ ಇರ್ತದೆ. ಎಂಪಿ3 ಮಾಡ್ಬೇಕು. ಯಾವ್ ಗಾಡಿ?"

"ಕಾರು."

"ಕಾರಲ್ಲಿ ಬ್ಲೂಟೂತ್ ಇಲ್ವಾ?"

"ಇದೆ."

ಅವಳು ಮತ್ತೇನೂ ಕೇಳಲಿಲ್ಲ. ಕೇಳದಿರುವುದು ಅವಳ ಕಸುಬಿನ ಮರ್ಯಾದೆ ಇರಬೇಕು. ಅವನು ತಂದಿದ್ದ ಪೆನ್‌ಡ್ರೈವನ್ನು ಅಳಿಸಿ ಖಾಲಿ ಮಾಡಿ ಅವನ ಮಾತನ್ನು ಅದಕ್ಕೆ ಇಳಿಸಿದಳು. ಆಮೇಲೆ ಅದನ್ನು ಕಿತ್ತು, ಅಂಗಡಿಯ ಹೊರಗೆ ರಸ್ತೆಗೆ ಮುಖ ಮಾಡಿದ್ದ ದೊಡ್ಡ ಸ್ಪೀಕರಿಗೆ ಸಿಕ್ಕಿಸಲು ಹೋದಳು.

"ಬೇಡ. ನಾನು ಕಾರಲ್ಲಿ ಕೇಳ್ಕೋತೀನಿ."

"ಚೆಕ್ ಮಾಡ್ದೆ ಯಾರ್ಗೂ ಕೊಡಲ್ಲ ಸಾರ್. ಘಾಟ್ ಹತ್ತಿದ್ಮೇಲೆ ಓಡಲಿಲ್ಲ ಅಂದ್ರೆ ವಾಪಸ್ ಬಂದ್ ಬಯ್ತಾರೆ."

ಸ್ಪೀಕರಿನಿಂದ ಅವನ ಮಾತು ಹೊರಟಿತು. ನಾನು ಉಮಾಶಂಕರ. ಇದು ನನ್ನ ದನಿ. ಟೀ ಕುಡಿಯುತ್ತಾ ನಿಂತಿದ್ದ ಪಲಮನೇರಿನ ಕಡೆಯ ಡ್ರೈವರೊಬ್ಬ ತಲೆ ಎತ್ತಿದ. ಮುಖ ಅರಳಿತು.

"ಇದಿ ಚೆತ್ತ ಬಂಡಿ ಗೊಂತು ಕದಾ" ಎಂದ. ಕಸದ ಗಾಡಿಯ ಗಂಟಲಲ್ಲವೇ ಇದು ಎಂದು ತನ್ನಷ್ಟಕ್ಕೇ ಖುಷಿಪಟ್ಟು, ರಂಜಿತಳಿಗೆ ಕನ್ನಡದಲ್ಲಿ ವಿವರಿಸಿದ: "ಮುಳಬಾಗಲ್ ಮಾರ್ಕೆಟ್ಟಿಗೆ ಬೆಳಿಗ್ಗೆ ಬೆಳಿಗ್ಗೆ ಲೋಡ್ ಹಾಕ್ತೀನಿ ಕಣಮ್ಮ. ದಿನಾ ಕೇಳ್ತೀನಿ."

ಉಮಾಶಂಕರ ರಸ್ತೆಯ ಕಡೆ ನೋಡುತ್ತಾ ನಿಂತ. ಮಾತು ಮುಗಿದು, ಕೊನೆಯ ಹಾರನ್ನೂ ಕೇಳಿಸಿ ಸ್ಪೀಕರು ಸುಮ್ಮನಾಯಿತು. ರಂಜಿತ ಪೂರ್ತಿ ಕೇಳಿದ್ದಳು. ಅವಳ ಮುಖದಲ್ಲಿ ಏನಾದರೂ ಇದೆಯೇ ಎಂದು ಹುಡುಕಿದ.

"ಕೇಳಿದ್ರಾ?" ಎಂದ.

"ಹೂಂ ಸಾರ್. ಸೌಂಡ್ ವಸಿ ಕಮ್ಮಿ ಐತೆ, ಏರಿಸ್ಕೊಡ್ತೀನಿ."

ಏರಿಸಿಕೊಟ್ಟಳು. ಕೊಡುವಾಗ, "ಇನ್ನೂ ಎಷ್ಟೊಂದು ಜಾಗ ಐತೆ ಸಾರ್ ಇದ್ರಲ್ಲಿ. ಹಾಡು ಹಾಕ್ಲಾ?" ಎಂದಳು.

"ಬೇಡ."

"ಖಾಲಿ ಹೋಗ್ತದಲ್ಲ."

"ಹೋಗಲಿ."

ಹಿಂದಿರುಗುವಾಗ ಅವನು ಅದನ್ನು ಕಾರಿನಲ್ಲಿ ಹಾಕಿಕೊಂಡ. ಬಾಗಿಲುಗಳಿಂದ, ಹಿಂದಿನ ಸೀಟಿನಿಂದ, ಎಲ್ಲ ಕಡೆಯಿಂದಲೂ ಅವನ ಮಾತು ಅವನ ಮೇಲೆ ಬಂದಿತು. ಡ್ರೈವರು ಏನು ಬೇಕಾದರೂ ಹೇಳಲಿ. ಲೋಡು ಇಳಿಸುವವನಿಗೆ ದನಿಯ ಗುರುತು ಹೇಗೆ ಗೊತ್ತಾಗಬೇಕು? ಇದು ಬೇರೆ. ಇದರಲ್ಲಿ ಒಡಕಿತ್ತು, ಸಿಟ್ಟಿತ್ತು, ಇದು ಯಾರ ಬಾಗಿಲಲ್ಲೂ ಬಗ್ಗಿ ನಿಂತಿರಲಿಲ್ಲ. ಬಾಗಿಲು ತೆಗೆಯಬೇಡಿ ಎಂಬಲ್ಲಿಗೆ ಬಂದಾಗ ಅವನೂ ಜೊತೆಗೆ ಹೇಳಿದ. ಮುಗಿದೊಡನೆ ತಾನಾಗಿಯೇ ಮೊದಲಿನಿಂದ ಶುರುವಾಯಿತು, ನಿಲ್ಲಿಸಲಿಲ್ಲ. ಊರು ಮುಟ್ಟುವವರೆಗೂ ಅದೇ. ದೂರದಲ್ಲಿ ಬೆಟ್ಟದ ಬಂಡೆಗಳು ಬಿಸಿಲಿಗೆ ಬೆಳ್ಳಗೆ ಕಂಡಾಗ, ಬಹಳ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಸಂಜೆ ಶ್ರೀವಾಣಿ ಬೀದಿಯಲ್ಲಿ ತನ್ನ ಹೆಸರು ಕೇಳುತ್ತಾಳೆ. ಮೊದಲು ನಾಚಿಕೆಯಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಬರಲಿ. ಏನ್ರೀ ಇದು ಮಾನಗೆಟ್ಟ ಕೆಲಸ ಅಂತ ಕೂಗಲಿ. ಕೂಗುವುದಕ್ಕಾದರೂ ಅವಳು ಕೇಳಿಸಿಕೊಂಡಿರಬೇಕಲ್ಲ. ಕಾಲೇಜಿನವರು ನೋಟೀಸು ಕೊಡಲಿ. ಸುಬ್ಬರಾಯಪ್ಪ ಪೊಲೀಸಿಗೆ ಹೋಗಲಿ. ಎಲ್ಲದಕ್ಕೂ ಅವನ ಹತ್ತಿರ ಒಂದೇ ಉತ್ತರವಿತ್ತು, ಅದನ್ನು ಕಾರಿನಲ್ಲಿ ಗಟ್ಟಿಯಾಗಿ ಹೇಳಿಯೂ ನೋಡಿದ: "ಹೌದು, ನಾನೇ."

ಡ್ರೈವರ್ ಕದಿರೇಶ ನೀರಿನ ಟ್ಯಾಂಕಿನ ಹತ್ತಿರ ಕಸದ ಗಾಡಿ ತೊಳೆಯುತ್ತಿದ್ದ. ನಾಳಿನ ಪೂಜೆಗೆ ಗಾಡಿಯ ಮುಖ ಹೊಳೆಯುತ್ತಿತ್ತು. ಹಿಂಭಾಗವನ್ನು ಎಷ್ಟು ತೊಳೆದರೂ ಅಷ್ಟೇ.

"ಏನ್ ಸಾರ್, ನೀವೇ ಬಂದ್ರಿ."

"ಹೊಸ ಅನೌನ್ಸ್‌ಮೆಂಟು. ಹಬ್ಬಕ್ಕೆ."

"ಸುಬ್ಬರಾಯಪ್ಪನವ್ರು ಕೊಟ್ರಾ?"

"ಹೂಂ."

ಸುಳ್ಳು ಸಲೀಸಾಗಿ ಬಂತು. ಕದಿರೇಶ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪೆನ್‌ಡ್ರೈವು ತೆಗೆದುಕೊಂಡ.

"ಒಳ್ಳೇದಾಯ್ತು ಬಿಡಿ ಸಾರ್. ಅದನ್ನೇ ಕೇಳಿ ಕೇಳಿ ಕಿವಿ ಕಿತ್ತೋಗಿತ್ತು. ತಪ್ ತಿಳ್ಕೋಬೇಡಿ."

"ಇಲ್ಲ. ಹಳೇದು ಕೊಡು."

ಕದಿರೇಶ ಗಾಡಿಯ ಸ್ಪೀಕರಿನ ಡಬ್ಬದಿಂದ ಹಳೆಯ ಪೆನ್‌ಡ್ರೈವು ಕಿತ್ತು ಕೊಟ್ಟ. ಉಗುರಿನಷ್ಟು ಇತ್ತು, ಎಣ್ಣೆ ಮೆತ್ತಿಕೊಂಡಿತ್ತು. ಇಷ್ಟೇ ಇಷ್ಟರೊಳಗೆ ಇಷ್ಟು ವರ್ಷ ಕೂತಿದ್ದೆನೇ? ಉಮಾಶಂಕರ ಅದನ್ನು ಚರಂಡಿಗೆ ಎಸೆದ. ಕದಿರೇಶ ಹೊಸದನ್ನು ಡಬ್ಬಕ್ಕೆ ಸಿಕ್ಕಿಸಿದ.

ಸಂಜೆ ಅವನು ಮನೆಯೊಳಗೆ ಕೂರಲಾರದೆ ಬೀದಿಯ ತುದಿಯಲ್ಲಿ, ಕರೆಂಟು ಕಂಬದ ಪಕ್ಕ ನಿಂತಿದ್ದ. ಎಲ್ಲ ಮನೆಗಳ ಮುಂದೆಯೂ ತೊಳೆದ ನೀರು ಹರಿಯುತ್ತಿತ್ತು. ಒಳಗೆ ಟಿವಿ, ಕುಕ್ಕರು, ಪೊರಕೆಯ ಸದ್ದು. ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯಲ್ಲ ಅದು. ಮದುವೆಯ ದಿನವೂ ಹೀಗೆ ಹೊಡೆದುಕೊಂಡಿರಲಿಲ್ಲ.

ಗಾಡಿ ತಿರುವಿನಲ್ಲಿ ಕಾಣಿಸಿತು. ಅದಕ್ಕಿಂತ ಮೊದಲು ಅವನ ಮಾತು ಕೇಳಿಸಿತು.

ನಾನು ಉಮಾಶಂಕರ. ಇದು ನನ್ನ ದನಿ, ಕಸದ ಗಾಡಿಯದಲ್ಲ.

ಮೊದಲ ಮನೆಯ ಬಾಗಿಲು ತೆರೆಯಿತು.

ನಿಮ್ಮಿಂದ ನಾನು ಏನನ್ನೂ ಕೇಳಲು ಬಂದಿಲ್ಲ.

ಎರಡು ಬಕೆಟ್ಟು ಹಿಡಿದು ಒಬ್ಬಳು ಹೆಂಗಸು ಬಂದಳು. ಪಕ್ಕದ ಮನೆಯಿಂದ ಹಳೆಯ ಪೇಪರಿನ ಮೂಟೆ ಹೊತ್ತುಕೊಂಡು ಒಬ್ಬರು. ಬಾಗಿಲು ತೆಗೆಯಬೇಡಿ ಎಂದಿತು ದನಿ. ಅಷ್ಟರಲ್ಲಿ ಬೀದಿಯ ಎಲ್ಲ ಬಾಗಿಲುಗಳೂ ತೆರೆದಿದ್ದವು. ಅಶ್ವತ್ಥಮ್ಮ ಒಡೆದ ಕುಂಡ, ಒಣಗಿದ ತುಳಸಿ ಗಿಡ ತಂದು ಸುರಿದಳು. ಸೊಂಟ ಹಿಡಿದುಕೊಂಡು ಕದಿರೇಶನಿಗೆ, "ಇವತ್ತು ಸೌಂಡ್ ಜಾಸ್ತಿ ಮಾಡಿದ್ದೀಯ, ಒಳ್ಳೇದಾಯ್ತು ಕಣಪ್ಪ. ಹಿತ್ಲಲ್ಲಿದ್ರೂ ಕೇಳಿಸ್ತು" ಎಂದಳು.

ನಿಮ್ಮ ಕಸ ನೀವೇ ಇಟ್ಟುಕೊಳ್ಳಿ.

ಅವರು ಹಾಕುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ನಗಲಿಲ್ಲ ಕೂಡ. ನಕ್ಕಿದ್ದರೆ ಸಾಕಿತ್ತು ಅನ್ನಿಸಿತು ಉಮಾಶಂಕರನಿಗೆ. ಗಾಡಿ ಅವನ ಮನೆಯ ಮುಂದೆ ನಿಂತಿತು. ನನಗೆ ಇಲ್ಲಿ ಉಸಿರು ಕಟ್ಟುತ್ತಿದೆ ಎಂಬುದು ಬೀದಿಯ ಗೋಡೆಗಳಿಗೆ ಬಡಿದು ಹಿಂದಿರುಗಿತು. ಶ್ರೀವಾಣಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಕೈಯಲ್ಲೂ ತುಂಬಿದ ಬಕೆಟ್ಟು ಹಿಡಿದು ಮೆಟ್ಟಿಲಿಳಿದು ಬಂದಳು.

ಶ್ರೀವಾಣಿ, ನಾನು ತಮಾಷೆ ಮಾಡುತ್ತಿಲ್ಲ.

ಅವಳು ನಿಂತಳು. ಉಮಾಶಂಕರನ ಉಸಿರೂ ನಿಂತಿತು. ಅವಳು ಕತ್ತು ತಿರುಗಿಸಿ ಸುತ್ತ ನೋಡಿದಳು, ಕಂಬದ ಪಕ್ಕ ಅವನನ್ನು ಕಂಡಳು.

"ಇಲ್ಲೇ ಇದ್ದೀರಾ? ಕೂಗಿದ್ರಾ?" ಎಂದಳು.

ಅವನು ಅವಳ ಹತ್ತಿರ ಹೋದ.

"ಹೂಂ" ಎಂದ.

"ಹಂಗಾರೆ ಇದನ್ನ ಹಿಡ್ಕೊಳ್ಳಿ. ಹಾಕ್ಬಿಟ್ಟು ಬನ್ನಿ. ಒಲೆ ಮೇಲೆ ಹಾಲಿಟ್ಟಿದೀನಿ."

ಒಂದು ಬಕೆಟ್ಟನ್ನು ಅವನ ಕೈಗಿತ್ತು, ಇನ್ನೊಂದನ್ನು ತಾನೇ ಗಾಡಿಗೆ ಸುರಿದು, ಅವಸರದಲ್ಲಿ ಒಳಗೆ ಹೋದಳು. ಅವನು ಬಕೆಟ್ಟು ಹಿಡಿದು ಗಾಡಿಯ ಹಿಂದೆ ನಿಂತ. ದನಿ ಮತ್ತೆ ಮೊದಲಿನಿಂದ ಶುರುವಾಗಿತ್ತು. ಕದಿರೇಶ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಹಾಕಿ ಸಾರ್. ಇನ್ನೂ ಎರಡು ಬೀದಿ ಐತೆ."

"ಹಾಕಲ್ಲ."

"ಯಾಕ್ ಸಾರ್?"

"ಬೇಡ ಅಂತ ಹೇಳ್ತಾ ಇದಾನಲ್ಲಪ್ಪ. ಕೇಳಿಸ್ತಾ ಇಲ್ವಾ?"

"ಯಾರ್ ಸಾರ್?"

ಹಿಂದೆ ನಿಂತಿದ್ದವರೊಬ್ಬರು ಸಹಾಯ ಮಾಡಲು ಬಕೆಟ್ಟಿಗೆ ಕೈ ಹಾಕಿದರು. ಉಮಾಶಂಕರ ಕಿತ್ತುಕೊಂಡ. ಅವರು ಮುಖ ನೋಡಿ ಸರಿದು, ತಮ್ಮದನ್ನು ಸುರಿದು ಹೋದರು. ಕದಿರೇಶ ಸ್ವಲ್ಪ ಹೊತ್ತು ಕಾದು, ಗೇರು ಹಾಕಿದ. ನಿಮ್ಮ ಕಸ ನೀವೇ ಇಟ್ಟುಕೊಳ್ಳಿ ಎಂದು ಹೇಳುತ್ತಾ ಗಾಡಿ ತುಂಬಿ ತುಳುಕಿಕೊಂಡು ಮುಂದಿನ ಬೀದಿಗೆ ತಿರುಗಿತು. ಅಲ್ಲಿ ಬಾಗಿಲುಗಳು ತೆರೆಯುವ ಸದ್ದು ಕೇಳಿಸಿತು.

ಈ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಹಬ್ಬಕ್ಕೆ ತೊಳೆದ, ಒಂದು ಕಡ್ಡಿ ಕಸವೂ ಇಲ್ಲದ ಬೀದಿಯ ನಡುವೆ ಉಮಾಶಂಕರ ತುಂಬಿದ ಬಕೆಟ್ಟನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಕೊಳೆತ ನೀರು ಅಂಗಿಯ ಮೇಲೆ ಇಳಿಯುತ್ತಿತ್ತು. ಕೆಳಗಿಡಲಿಲ್ಲ.